ಕಾರಿನ ಆ್ಯಪ್: ಗುಂಡಿ ಒತ್ತುವವರು ನಾವು, ಬಾಗಿಲು ತೆರೆಯುವವರು ಯಾರು?

ಕಾರು ಕಂಪನಿಗಳ ಮೊಬೈಲ್ ಆ್ಯಪ್‌ಗಳ ಬಗ್ಗೆ ಈಚಿನ ವರ್ಷಗಳಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಜನರಲ್ ಮೋಟಾರ್ಸ್ ತನ್ನ ಗ್ರಾಹಕರ ಓಡಾಟದ ವಿವರಗಳನ್ನು ಸರಿಯಾದ ಒಪ್ಪಿಗೆಯಿಲ್ಲದೆ ಮಾರಿಕೊಂಡಿತೆಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಕ್ರಮ ಪ್ರಕಟಿಸಿತು. ಅದೇ ತಿಂಗಳು, ಸುಬಾರು ಕಾರುಗಳ ಒಂದು ವರ್ಷದ ಸಂಚಾರದ ದಾಖಲೆ ಹೊರಗಿನವರ ಕೈಗೆ ಸಿಗುವಂತಿತ್ತು ಎಂಬ ವಿಷಯ ಬಯಲಾಯಿತು. ಅದಕ್ಕೆ ಸುಮಾರು ಒಂದು ವರ್ಷ ಮೊದಲು, ಬ್ರಿಟನ್ನಿನಲ್ಲಿರುವ ತನ್ನ ಹಳೆಯ ಲೀಫ್ ವಿದ್ಯುತ್ ಕಾರುಗಳಿಗೆ ಇನ್ನು ಆ್ಯಪ್ ಸೇವೆ ಇರುವುದಿಲ್ಲವೆಂದು ನಿಸಾನ್ ಹೇಳಿತ್ತು. ಇತ್ತ ಭಾರತದಲ್ಲಿ 2019ರ ನಂತರ ಆ್ಯಪ್ ಸೇವೆಯಿರುವ ಕಾರು ಕೊಂಡವರಿಗೆ ಉಚಿತ ಅವಧಿ ಮುಗಿಯುತ್ತಿದ್ದಂತೆ ಚಂದಾ ಕಟ್ಟುವ ಪ್ರಶ್ನೆ ಎದುರಾಗಿದೆ. ಕಾರು ನಮ್ಮದು, ಫೋನು ನಮ್ಮದು, ಮತ್ತೆ ಯಾರಿಗೆ, ಯಾತಕ್ಕೆ ದುಡ್ಡು?

ಒಂದು ಸುದ್ದಿ ಖಾಸಗಿತನದ್ದು, ಇನ್ನೊಂದು ಭದ್ರತೆಯದು, ಮತ್ತೊಂದು ಖರ್ಚಿನದು. ಆದರೆ ಇವೆಲ್ಲದರ ಬೇರು ಒಂದೇ ಕಡೆ ಇದೆ. ಆ್ಯಪ್‌ನಲ್ಲಿ ಗುಂಡಿ ಒತ್ತಿದಾಗ ನಮ್ಮ ಮಾತು ಕಾರಿಗೆ ಹೋಗುವುದಿಲ್ಲ, ಕಂಪನಿಗೆ ಹೋಗುತ್ತದೆ. ‘ನನ್ನ ಕಾರಿನ ಬಾಗಿಲು ತೆರೆಯಿರಿ’ ಎಂದು ನಾವು ಸಲ್ಲಿಸುವ ಅರ್ಜಿ ಅದು. ಅರ್ಜಿ ಮಂಜೂರಾದರೆ ಬಾಗಿಲು ತೆರೆಯುವುದು ಕಂಪನಿಯ ಕಂಪ್ಯೂಟರ್. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.

ಅರ್ಜಿ ಸಾಗುವ ದಾರಿ

ಮೊದಲು ಮಾಮೂಲಿ ರಿಮೋಟ್ ಕೀಲಿಯನ್ನು ನೋಡೋಣ. ಅದರ ಗುಂಡಿ ಒತ್ತಿದರೆ ಪುಟ್ಟ ರೇಡಿಯೊ ಸಂಕೇತವೊಂದು ಹೊರಡುತ್ತದೆ. ಹತ್ತಿಪ್ಪತ್ತು ಮಾರು ದೂರದಲ್ಲಿರುವ ಕಾರು ಅದನ್ನು ಗುರುತಿಸಿ ಬಾಗಿಲು ತೆರೆಯುತ್ತದೆ. ನಡುವೆ ಮೂರನೆಯವರಿಲ್ಲ.

ಆ್ಯಪ್‌ನದು ಸುತ್ತುಬಳಸಿನ ದಾರಿ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಬಿಸಿಲಿನಲ್ಲಿ ನಿಂತ ಕಾರಿನ ಎಸಿಯನ್ನು ಕಚೇರಿಯ ಒಳಗಿನಿಂದಲೇ ಚಾಲೂ ಮಾಡಬೇಕು ಎಂದುಕೊಳ್ಳಿ. ಗುಂಡಿ ಒತ್ತಿ ಪಿನ್ ಕೊಟ್ಟ ಕೂಡಲೇ ಕೋರಿಕೆ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್ ತಲುಪುತ್ತದೆ. ಈ ಖಾತೆ ಸರಿಯಾದದ್ದೇ, ಈ ಕಾರು ಇದೇ ಖಾತೆಗೆ ಸೇರಿದೆಯೇ, ಚಂದಾ ಚಾಲ್ತಿಯಲ್ಲಿದೆಯೇ ಎಂದು ಸರ್ವರ್ ಪರಿಶೀಲಿಸುತ್ತದೆ. ಎಲ್ಲವೂ ಸರಿಯಿದ್ದರೆ ಅದು ಕಾರನ್ನು ಹುಡುಕಿಕೊಂಡು ಹೊರಡುತ್ತದೆ.

ಕಾರಿನ ಒಳಗೆ ಟೆಲಿಮ್ಯಾಟಿಕ್ಸ್ ಘಟಕ ಎಂಬ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಮೋಡೆಮ್, ಜಿಪಿಎಸ್ ಮತ್ತು ಮಾಲೀಕರು ಬದಲಿಸಲಾಗದಂತೆ ಕೂರಿಸಿದ ಸಿಮ್ ಇರುತ್ತವೆ. ಕಾರು ನಿಂತಿರುವಾಗ ಈ ಪೆಟ್ಟಿಗೆ ಪೂರ್ತಿ ಎಚ್ಚರವಾಗಿದ್ದರೆ 12 ವೋಲ್ಟ್ ಬ್ಯಾಟರಿ ಬರಿದಾಗಿಬಿಡುತ್ತದೆ. ಹಾಗಾಗಿ ಅದು ಅರೆನಿದ್ದೆಯಲ್ಲಿರುತ್ತದೆ. ಸರ್ವರ್ ಮೊದಲು ಅದನ್ನು ಎಬ್ಬಿಸಲು ಮೊಬೈಲ್ ಜಾಲದ ಮೂಲಕ ಒಂದು ಸಂದೇಶ ಕಳಿಸುತ್ತದೆ. ಅನೇಕ ಕಾರುಗಳಲ್ಲಿ ಅದು ನಮಗೆಲ್ಲ ಗೊತ್ತಿರುವ ಎಸ್‌ಎಂಎಸ್ಸೇ. ಎಚ್ಚೆತ್ತ ಪೆಟ್ಟಿಗೆ ಸರ್ವರಿನೊಂದಿಗೆ ಸಂಪರ್ಕ ಸಾಧಿಸಿ, ಆಜ್ಞೆ ಪಡೆದು, ಕಾರಿನ ಒಳಜಾಲಕ್ಕೆ ಒಪ್ಪಿಸುತ್ತದೆ. ಎಸಿ ತಿರುಗಲು ಶುರುವಾಗುತ್ತದೆ. ‘ಕೆಲಸ ಆಯಿತು’ ಎಂಬ ಉತ್ತರ ಬಂದ ದಾರಿಯಲ್ಲೇ ಹಿಂದಿರುಗಿ ಫೋನಿನ ತೆರೆಯ ಮೇಲೆ ಮೂಡುತ್ತದೆ. ಈ ಸುತ್ತಾಟ ಮುಗಿಯುವವರೆಗೆ ತೆರೆಯ ಮೇಲಿನ ಚಕ್ರ ತಿರುಗುತ್ತಲೇ ಇರುತ್ತದೆ. ಅರ್ಧ ನಿಮಿಷ ಹಿಡಿದರೂ ಅದು ದೋಷವಲ್ಲ, ದಾರಿಯೇ ಅಷ್ಟು ಉದ್ದ.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತ ಕಾರು ಆ್ಯಪ್‌ಗೆ ಓಗೊಡದಿರುವುದು ಇದೇ ಕಾರಣಕ್ಕೆ. ಮಾಲೀಕರ ಫೋನಿನಲ್ಲಿ ಸಿಗ್ನಲ್ ತುಂಬಿದ್ದರೂ ಕಾರಿನೊಳಗಿನ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೆ ಏನೂ ನಡೆಯುವುದಿಲ್ಲ. ಇಬ್ಬರಿಗೂ ಸಿಗ್ನಲ್ ಇದ್ದು ನಡುವಿನ ಸರ್ವರ್ ಕೆಟ್ಟರೂ ಅಷ್ಟೇ. 2021ರ ನವೆಂಬರಿನಲ್ಲಿ ಟೆಸ್ಲಾ ಸರ್ವರಿನಲ್ಲಿ ದೋಷ ಕಾಣಿಸಿಕೊಂಡಾಗ ಹಲವು ದೇಶಗಳಲ್ಲಿ ಆ್ಯಪ್ ಒಂದನ್ನೇ ನೆಚ್ಚಿಕೊಂಡವರು ತಮ್ಮದೇ ಕಾರಿನ ಮುಂದೆ ನಿಂತು ಕಾಯಬೇಕಾಯಿತು. ಇಲಾನ್ ಮಸ್ಕ್ ಬಹಿರಂಗವಾಗಿ ಕ್ಷಮೆ ಕೇಳಿದರು.

ಇದಕ್ಕೆ ಒಂದು ಅಪವಾದವಿದೆ. ಕೆಲವು ಕಾರುಗಳಲ್ಲಿ ‘ಡಿಜಿಟಲ್ ಕೀಲಿ’ ಎಂಬ ಸೌಲಭ್ಯ ಇರುತ್ತದೆ. ಇಲ್ಲಿ ಫೋನು ಬ್ಲೂಟೂತ್ ಅಥವಾ, ತೀರಾ ಹತ್ತಿರ ಹಿಡಿದಾಗ ಕೆಲಸ ಮಾಡುವ, ಎನ್‌ಎಫ್‌ಸಿ ಮೂಲಕ ಕಾರಿನೊಂದಿಗೆ ನೇರವಾಗಿ ಮಾತಾಡುತ್ತದೆ, ಇಂಟರ್ನೆಟ್ ಇಲ್ಲದಿದ್ದರೂ ಬಾಗಿಲು ತೆರೆಯುತ್ತದೆ. ಎರಡೂ ಬಗೆ ಒಂದೇ ಆ್ಯಪ್‌ನಲ್ಲಿ ಅಕ್ಕಪಕ್ಕ ಕೂತಿರುವುದುಂಟು. ಕೊಳ್ಳುವವರಿಗೆ ಈ ವ್ಯತ್ಯಾಸವನ್ನು ಷೋರೂಮಿನಲ್ಲಿ ಬಿಡಿಸಿ ಹೇಳುವವರು ಕಡಿಮೆ. ಹೇಳಬೇಕಾದ ಮೊದಲ ಸಂಗತಿಯೇ ಇದು.

ಯಾವ ಚಂದಾ ನ್ಯಾಯ, ಯಾವುದು ಅಲ್ಲ

ಭಾರತದಲ್ಲಿ ಈ ಬಗೆಯ ಕಾರುಗಳ ಭರಾಟೆ ಶುರುವಾದದ್ದು 2019ರಲ್ಲಿ. ಮೇ ತಿಂಗಳಲ್ಲಿ ಹ್ಯುಂಡೈ ವೆನ್ಯೂ ‘ಬ್ಲೂಲಿಂಕ್’ ಎಂಬ ಆ್ಯಪ್ ಸೇವೆಯೊಂದಿಗೆ ಬಂತು, ಜೂನ್‌ನಲ್ಲಿ ಎಂಜಿ ಹೆಕ್ಟರ್, ಆಗಸ್ಟ್‌ನಲ್ಲಿ ಕಿಯಾ ಸೆಲ್ಟೋಸ್. ನಂತರ ಟಾಟಾ, ಮಹೀಂದ್ರಾ, ಮಾರುತಿ, ಟೊಯೊಟಾ ಯಾರೂ ಹಿಂದುಳಿಯಲಿಲ್ಲ. ಬ್ಲೂಲಿಂಕ್‌ಗೆ ಮೊದಲ ಮೂರು ವರ್ಷ ಉಚಿತ ಎಂದು ಹ್ಯುಂಡೈ ಆಗ ಹೇಳಿತ್ತು. ಆ ಮೂರು ವರ್ಷಗಳು ಯಾವಾಗಲೋ ಕಳೆದಿವೆ.

ಚಂದಾ ಕೇಳುವುದಕ್ಕೆ ಕಂಪನಿಗಳು ಕೊಡುವ ಕಾರಣವನ್ನು ಸುಳ್ಳೆನ್ನಲಾಗದು. ಸಿಮ್‌ಗೆ ಮೊಬೈಲ್ ಕಂಪನಿಗೆ ಹಣ ಕೊಡಬೇಕು, ಸರ್ವರ್ ಹಗಲಿರುಳು ನಡೆಯಬೇಕು, ಅಪಘಾತದ ಎಚ್ಚರಿಕೆ ಬಂದರೆ ಕರೆ ಸ್ವೀಕರಿಸಲು ಯಾರಾದರೂ ಕುಳಿತಿರಬೇಕು. ಕಾರಿನ ಬೆಲೆಯಲ್ಲಿ ಒಮ್ಮೆ ಪಡೆದ ಹಣದಿಂದ ಹದಿನೈದು ವರ್ಷ ಇದನ್ನೆಲ್ಲ ನಡೆಸುವುದು ಕಷ್ಟ.

ಆದರೆ ಈ ಸಮರ್ಥನೆಗೆ ಒಂದು ಎಲ್ಲೆ ಇದೆ, ಅದನ್ನು ದಾಟಿದ ಎರಡು ಪ್ರಕರಣಗಳು ನಮ್ಮ ಕಣ್ಣ ಮುಂದಿವೆ. ಅಮೆರಿಕದಲ್ಲಿ ಟೊಯೊಟಾದ ಕೆಲವು ಕಾರುಗಳಲ್ಲಿ ಕೀಲಿಯ ಗುಂಡಿ ಒತ್ತಿ ದೂರದಿಂದ ಎಂಜಿನ್ ಚಾಲೂ ಮಾಡುವ ಸೌಲಭ್ಯ ಕೂಡ ಉಚಿತ ಅವಧಿ ಮುಗಿದ ಮೇಲೆ ಚಂದಾ ಇಲ್ಲದೆ ನಡೆಯುವುದಿಲ್ಲ ಎಂಬುದು 2021ರ ಡಿಸೆಂಬರಿನಲ್ಲಿ ಸುದ್ದಿಯಾಯಿತು. ಕೈಯಲ್ಲಿರುವ ಕೀಲಿಯಿಂದ ಅಂಗಳದಲ್ಲಿರುವ ಕಾರಿಗೆ ಹೋಗುವ ಸಂಕೇತಕ್ಕೆ ಸಿಮ್ ಬೇಕಿಲ್ಲ, ಸರ್ವರೂ ಬೇಕಿಲ್ಲ. 2022ರಲ್ಲಿ ಬಿಎಂಡಬ್ಲ್ಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಾರಿನಲ್ಲಿ ಆಗಲೇ ಅಳವಡಿಸಿದ್ದ ಆಸನ ಬೆಚ್ಚಗಾಗಿಸುವ ಸಾಧನವನ್ನು ಬಳಸಲು ದಕ್ಷಿಣ ಕೊರಿಯಾ, ಬ್ರಿಟನ್ ಮೊದಲಾದ ಕಡೆ ತಿಂಗಳ ಬಾಡಿಗೆ ನಿಗದಿಪಡಿಸಿತು. ಜನ ಸಿಟ್ಟಾದರು. 2023ರಲ್ಲಿ ಕಂಪನಿ ಆ ಯೋಜನೆ ಕೈಬಿಟ್ಟಿತು.

ನಡೆಯುತ್ತಿರುವ ಸೇವೆಗೆ ಹಣ ಕೇಳುವುದು ವ್ಯಾಪಾರ. ಮಾರಿದ ವಸ್ತುವಿಗೆ ಮತ್ತೆ ಬೀಗ ಹಾಕಿ ಬಾಡಿಗೆ ಕೇಳುವುದು ಬೇರೆಯೇ ಸಂಗತಿ. ಎರಡಕ್ಕೂ ‘ಚಂದಾ’ ಎಂಬ ಒಂದೇ ಹೆಸರಿಟ್ಟಿರುವುದರಿಂದ ಗ್ರಾಹಕರಿಗೆ ವ್ಯತ್ಯಾಸ ಕಾಣುವುದಿಲ್ಲ.

ಕಾವಲುಗಾರನೇ ಮೋಸಹೋದರೆ

ಲಕ್ಷಾಂತರ ಕಾರುಗಳ ಬಾಗಿಲು ಒಂದೇ ಸರ್ವರಿನ ಮಾತು ಕೇಳುವುದಾದರೆ, ಕಳ್ಳ ಒಂದೊಂದೇ ಕಾರಿನ ಬೀಗ ಮುರಿಯುತ್ತಾ ಕೂರಬೇಕಿಲ್ಲ. ಸರ್ವರನ್ನು ನಂಬಿಸಿದರೆ ಸಾಕು.

ಇದು ಬರೀ ಊಹೆಯಾಗಿ ಉಳಿದಿಲ್ಲ. 2024ರ ಜೂನ್‌ನಲ್ಲಿ ಸ್ಯಾಮ್ ಕರ್ರಿ ಮತ್ತು ಅವರ ಸಂಗಡಿಗ ಭದ್ರತಾ ಸಂಶೋಧಕರು ಅಮೆರಿಕದ ಕಿಯಾ ಕಾರುಗಳ ವ್ಯವಸ್ಥೆಯನ್ನು ಪರೀಕ್ಷಿಸಿದರು. ಅವರು ಕಾರನ್ನು ಮುಟ್ಟಲಿಲ್ಲ, ಮಾಲೀಕರ ಆ್ಯಪ್ ಅನ್ನೂ ಭೇದಿಸಲಿಲ್ಲ. ಹೊಸ ಕಾರು ಮಾರಿದಾಗ ಗ್ರಾಹಕರ ಖಾತೆ ತೆರೆಯಲು ಡೀಲರುಗಳು ಬಳಸುವ ಜಾಲತಾಣವೊಂದಿತ್ತು. ಅದರಲ್ಲಿ ಯಾರು ಬೇಕಾದರೂ ತಾನೇ ಡೀಲರ್ ಎಂದು ನೋಂದಾಯಿಸಿಕೊಳ್ಳಬಹುದಿತ್ತು. ಅಲ್ಲಿಂದ ಮುಂದಿನದು ಸರಾಗ. ನಂಬರ್ ಪ್ಲೇಟ್ ನೋಡಿ ವಾಹನದ ಗುರುತಿನ ಸಂಖ್ಯೆ ಪತ್ತೆ ಮಾಡುವುದು, ಅದರಿಂದ ಮಾಲೀಕರ ಹೆಸರು, ಫೋನ್ ಸಂಖ್ಯೆ, ವಿಳಾಸ ಪಡೆಯುವುದು, ಕೊನೆಗೆ ಮಾಲೀಕರಿಗೆ ಒಂದು ಸೂಚನೆಯೂ ಹೋಗದಂತೆ ತಮ್ಮನ್ನೇ ಆ ಕಾರಿನ ಮುಖ್ಯ ಬಳಕೆದಾರರನ್ನಾಗಿ ಸೇರಿಸಿಕೊಳ್ಳುವುದು. ಇಷ್ಟಕ್ಕೆ ಹಿಡಿದ ಸಮಯ ಸುಮಾರು 30 ಸೆಕೆಂಡ್. ಆಮೇಲೆ ಕಾರು ಎಲ್ಲಿದೆ ಎಂದು ನೋಡಬಹುದು, ಬೀಗ ತೆಗೆಯಬಹುದು, ಹಾರ್ನ್ ಬಾರಿಸಬಹುದು, ಎಂಜಿನ್ ಚಾಲೂ ಮಾಡಬಹುದು. ಕಿಯಾ ಆಗಸ್ಟ್‌ನಲ್ಲಿ ದೋಷ ಸರಿಪಡಿಸಿತು. ಸಂಶೋಧಕರು ಸೆಪ್ಟೆಂಬರಿನಲ್ಲಿ ವಿವರ ಪ್ರಕಟಿಸಿದರು.

ಅದೇ ವರ್ಷದ ನವೆಂಬರಿನಲ್ಲಿ ಕರ್ರಿ ಮತ್ತು ಶುಭಂ ಶಾ ಸುಬಾರುವಿನ ನೌಕರರ ಜಾಲತಾಣದೊಳಗೆ ಇಂಥದ್ದೇ ಇನ್ನೊಂದು ಕಿಂಡಿ ಕಂಡುಹಿಡಿದರು. ಪರೀಕ್ಷೆಗೆ ಬಳಸಿದ್ದು ಕರ್ರಿಯವರ ತಾಯಿಯ ಕಾರು. ಆ ಕಾರು ಒಂದು ವರ್ಷದಲ್ಲಿ ಎಲ್ಲೆಲ್ಲಿ ನಿಂತಿತ್ತು ಎಂಬುದು ತೆರೆಯ ಮೇಲೆ ಸಾಲುಸಾಲಾಗಿ ಬಂತು. ತಿಳಿಸಿದ ಒಂದು ದಿನದೊಳಗೆ ಕಂಪನಿ ಕಿಂಡಿ ಮುಚ್ಚಿತು. ಆದರೆ ಆ ಜಾಲತಾಣ ಇದ್ದದ್ದೇ ನೌಕರರ ಬಳಕೆಗೆ. ಕಿಂಡಿ ಮುಚ್ಚಿದ ನಂತರವೂ ಕೆಲವು ನೌಕರರಿಗೆ ಕೆಲಸದ ನಿಮಿತ್ತ ಸ್ಥಳದ ಮಾಹಿತಿ ಕಾಣುತ್ತದೆ ಎಂಬುದನ್ನು ಸುಬಾರು ಒಪ್ಪಿಕೊಂಡಿತು. ದಾಖಲೆ ಇದೆ ಎಂದಾದರೆ ಅದನ್ನು ನೋಡುವ ಯಾರಾದರೊಬ್ಬರು ಇದ್ದೇ ಇರುತ್ತಾರೆ.

ಎರಡೂ ಪ್ರಕರಣಗಳಲ್ಲಿ ಮಾಲೀಕರು ಎಷ್ಟೇ ಗಟ್ಟಿ ಪಾಸ್‌ವರ್ಡ್ ಇಟ್ಟಿದ್ದರೂ ಪ್ರಯೋಜನವಿರಲಿಲ್ಲ. ಆದ್ದರಿಂದ ‘ಪಾಸ್‌ವರ್ಡ್ ಆಗಾಗ ಬದಲಿಸಿ’ ಎಂಬ ಉಪದೇಶ ಇಲ್ಲಿ ಸಾಲದು. ಹೊಣೆ ಕಂಪನಿಯದು, ಅದನ್ನು ಕಾನೂನೇ ಹೊರಿಸಬೇಕು. ಯುರೋಪಿನಲ್ಲಿ ಆದದ್ದು ಅದೇ. ವಿಶ್ವಸಂಸ್ಥೆಯ ವಾಹನ ನಿಯಮ 155ರ ಪ್ರಕಾರ 2024ರ ಜುಲೈನಿಂದ ಅಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳೂ ಸೈಬರ್ ಭದ್ರತೆಯ ಮಾನದಂಡಕ್ಕೆ ಒಳಪಡಬೇಕು. ಪೋರ್ಷೆ ತನ್ನ ಪೆಟ್ರೋಲ್ ಮಕಾನ್ ಕಾರನ್ನು ಆ ನಿಯಮಕ್ಕೆ ಹೊಂದಿಸುವ ಬದಲು ಯುರೋಪಿಯನ್ ಒಕ್ಕೂಟದ ಮಾರುಕಟ್ಟೆಯಿಂದಲೇ ಹಿಂತೆಗೆದುಕೊಂಡಿತು.

ಓಡಾಟದ ಲೆಕ್ಕ ಯಾರ ಕೈ ಸೇರಿತು

ಜನರಲ್ ಮೋಟಾರ್ಸ್ ಪ್ರಕರಣದಲ್ಲಿ ಒಳನುಗ್ಗಿದ ಕಳ್ಳರಿರಲಿಲ್ಲ, ಅದಕ್ಕೇ ಅದು ಹೆಚ್ಚು ಕಳವಳ ಹುಟ್ಟಿಸುತ್ತದೆ. ಆ ಕಂಪನಿಯ ‘ಆನ್‌ಸ್ಟಾರ್’ ಸೇವೆಯಲ್ಲಿ ‘ಸ್ಮಾರ್ಟ್ ಡ್ರೈವರ್’ ಎಂಬ ಸೌಲಭ್ಯವಿತ್ತು. ನಿಮ್ಮ ಚಾಲನೆ ಸುಧಾರಿಸಲು ನೆರವಾಗುತ್ತದೆ ಎಂದು ಅದನ್ನು ಪರಿಚಯಿಸಲಾಗಿತ್ತು. ನೋಂದಣಿಯ ಗೊಂದಲದಲ್ಲಿ ಎಷ್ಟೋ ಮಂದಿಗೆ ತಾವು ಅದಕ್ಕೆ ಒಪ್ಪಿಗೆ ಕೊಟ್ಟಿದ್ದೇ ಗೊತ್ತಾಗಲಿಲ್ಲ. ಜೋರಾಗಿ ಬ್ರೇಕ್ ಹಾಕಿದ್ದು, ವೇಗ ಮೀರಿದ್ದು, ತಡರಾತ್ರಿ ಕಾರು ಓಡಿಸಿದ್ದು ಎಲ್ಲವೂ ದಾಖಲಾಗಿ ಲೆಕ್ಸಿಸ್‌ನೆಕ್ಸಿಸ್, ವೆರಿಸ್ಕ್ ಎಂಬ ದತ್ತಾಂಶ ಕಂಪನಿಗಳಿಗೆ ಹೋಯಿತು, ಅಲ್ಲಿಂದ ವಿಮಾ ಕಂಪನಿಗಳಿಗೆ. ಕಾರು ಇರುವ ಜಾಗವನ್ನು ಕೆಲವೊಮ್ಮೆ ಮೂರು ಸೆಕೆಂಡಿಗೊಮ್ಮೆ ದಾಖಲಿಸಲಾಗುತ್ತಿತ್ತು ಎಂದು ಫೆಡರಲ್ ಟ್ರೇಡ್ ಕಮಿಷನ್ ಹೇಳಿದೆ.

2024ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಬಯಲಿಗೆಳೆದಾಗ, ಷೆವರ್ಲೆ ಬೋಲ್ಟ್ ಓಡಿಸುತ್ತಿದ್ದ ಒಬ್ಬರ ಪ್ರಕರಣ ಮುಂದೆ ಬಂತು. ತಮ್ಮ ತಪ್ಪಿನಿಂದ ಎಂದೂ ಅಪಘಾತ ಆಗಿರದ ಅವರ ವಿಮೆಯ ಕಂತು ಶೇ 21ರಷ್ಟು ಏರಿತ್ತು. ಕಾರಣ ಕೇಳಿ ಲೆಕ್ಸಿಸ್‌ನೆಕ್ಸಿಸ್‌ನಿಂದ ತಮ್ಮ ವರದಿ ತರಿಸಿಕೊಂಡರೆ ಬಂದದ್ದು 258 ಪುಟ. ಆರು ತಿಂಗಳಲ್ಲಿ ಮಾಡಿದ 640 ಪ್ರಯಾಣಗಳು, ಪ್ರತಿಯೊಂದೂ ಹೊರಟ ಹೊತ್ತು, ಮುಗಿದ ಹೊತ್ತು, ಹೋದ ದೂರ ಅದರಲ್ಲಿದ್ದವು. ಈಗ ಕಮಿಷನ್ನಿನ ಆದೇಶದ ಪ್ರಕಾರ ಐದು ವರ್ಷ ಜನರಲ್ ಮೋಟಾರ್ಸ್ ಇಂಥ ಮಾಹಿತಿಯನ್ನು ಗ್ರಾಹಕರ ಬಗ್ಗೆ ವರದಿ ತಯಾರಿಸುವ ಅಂಥ ದತ್ತಾಂಶ ಕಂಪನಿಗಳಿಗೆ ಕೊಡುವಂತಿಲ್ಲ.

ಮಾರಾಟ ಮಾಡದಿದ್ದರೂ ಅಪಾಯ ತಪ್ಪುವುದಿಲ್ಲ. ಫೋಕ್ಸ್‌ವ್ಯಾಗನ್ ಸಮೂಹದ ಸುಮಾರು 8 ಲಕ್ಷ ವಿದ್ಯುತ್ ಕಾರುಗಳ ಮಾಹಿತಿ ಇಂಟರ್ನೆಟ್‌ನಲ್ಲಿ ಕಾವಲಿಲ್ಲದೆ ಬಿದ್ದಿತ್ತು ಎಂಬುದು 2024ರ ಡಿಸೆಂಬರಿನಲ್ಲಿ ಜರ್ಮನಿಯಲ್ಲಿ ಬಯಲಾಯಿತು. ಟೊಯೊಟಾದ್ದು ಇನ್ನೂ ದೀರ್ಘ ಕತೆ. ಜಪಾನಿನ 21.5 ಲಕ್ಷ ಗ್ರಾಹಕರ ವಾಹನ ಮಾಹಿತಿ 2013ರಿಂದ 2023ರವರೆಗೆ ಹೊರಗಿನವರಿಗೆ ಸಿಗುವಂತಿತ್ತು, ಹತ್ತು ವರ್ಷ ಯಾರ ಗಮನಕ್ಕೂ ಬರಲಿಲ್ಲ.

ಖಾತೆಯಲ್ಲಿರುವ ಹೆಸರು

ಆರ್‌ಸಿ ಪುಸ್ತಕದಲ್ಲಿ ಯಾರ ಹೆಸರಿದೆ ಎಂಬುದು ಸರ್ವರಿಗೆ ತಿಳಿಯದು. ಅದು ನೋಡುವುದು ಖಾತೆಯನ್ನು. ಹಳೆಯ ಕಾರು ಕೊಳ್ಳುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಆರ್‌ಟಿಒದಲ್ಲಿ ಹೆಸರು ಬದಲಾಯಿತು, ವಿಮೆ ಬದಲಾಯಿತು, ಎರಡೂ ಕೀಲಿ ಕೈಸೇರಿತು. ಆದರೆ ಹಿಂದಿನ ಮಾಲೀಕರ ಫೋನಿನಲ್ಲಿ ಆ ಕಾರು ಹಾಗೇ ಉಳಿದಿರಬಹುದು. ಐಬಿಎಂನ ಭದ್ರತಾ ತಜ್ಞ ಚಾರ್ಲ್ಸ್ ಹೆಂಡರ್ಸನ್, ತಾವು ಮಾರಿ ವರ್ಷಗಳೇ ಕಳೆದ ಕಾರು ಇನ್ನೂ ತಮ್ಮ ಆ್ಯಪ್‌ನಲ್ಲಿ ಕಾಣುತ್ತಿದೆ, ಅದರ ಬೀಗ ತೆಗೆಯಲೂ ಬರುತ್ತದೆ ಎಂದು 2017ರಲ್ಲಿ ಹೇಳಿದಾಗ ಉದ್ಯಮಕ್ಕೆ ಎಚ್ಚರವಾಯಿತು. ಹೆಚ್ಚಿನ ಕಾರುಗಳ ತೆರೆಯಲ್ಲಿ ಈಗ ಹಳೆಯ ಬಳಕೆದಾರರನ್ನು ತೆಗೆದುಹಾಕುವ ಆಯ್ಕೆ ಇದೆ. ಕಾರು ಕೈ ಬದಲಿಸುವ ದಿನವೇ, ಇಬ್ಬರೂ ಎದುರಿಗಿರುವಾಗ, ಆ ಕೆಲಸ ಮುಗಿಸುವುದು ಒಳ್ಳೆಯದು. ಆಗದಿದ್ದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹೊಸ ಆರ್‌ಸಿ ತೋರಿಸಿ ಖಾತೆ ಬದಲಿಸಿಕೊಳ್ಳಲು ಕೇಳಬೇಕು.

ಇನ್ನೂ ನೋವಿನ ಸಂಗತಿ ಮನೆಯೊಳಗಿನದು. ಕಾರು ಓಡಿಸುವುದು ಹೆಂಡತಿ, ಖಾತೆ ಗಂಡನ ಹೆಸರಿನಲ್ಲಿ. ದೌರ್ಜನ್ಯದಿಂದ ತಪ್ಪಿಸಿಕೊಂಡು ಮನೆ ಬಿಟ್ಟು ಹೊರಟ ಹೆಣ್ಣುಮಗಳು ಎಲ್ಲಿದ್ದಾಳೆಂದು ಆ ಕಾರೇ ಹೇಳಿಬಿಡುತ್ತದೆ. ಅಮೆರಿಕದಲ್ಲಿ ಇಂಥ ಸಂತ್ರಸ್ತೆಯರು ಕಂಪನಿಗಳ ಮೊರೆಹೋದಾಗ, ಖಾತೆದಾರರ ಒಪ್ಪಿಗೆಯಿಲ್ಲದೆ ಏನೂ ಮಾಡಲಾಗದು ಎಂಬ ಉತ್ತರ ಬಂದ ಪ್ರಕರಣಗಳು ವರದಿಯಾದವು. ಅದರ ಫಲವಾಗಿ ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ಮಾಡಿತು. ಸಂತ್ರಸ್ತರು ದಾಖಲೆ ಸಹಿತ ಕೋರಿದರೆ ದೌರ್ಜನ್ಯ ಎಸಗಿದವರ ದೂರನಿಯಂತ್ರಣವನ್ನು ಕಂಪನಿ ಕಡಿದುಹಾಕಲೇಬೇಕು. ನಮ್ಮಲ್ಲೂ ಇಂಥ ಕಾನೂನು ಬೇಕು, ಅದಕ್ಕೆ ಒಂದು ದುರಂತ ನಡೆಯುವವರೆಗೆ ಕಾಯಬೇಕಾಗಿಲ್ಲ.

ಸರ್ವರ್ ನಿಂತ ದಿನ

ಕಾರಿನ ಆಯುಷ್ಯ ಹದಿನೈದು ವರ್ಷ ಎಂದಿಟ್ಟುಕೊಂಡರೂ ಮೊಬೈಲ್ ಜಾಲದ ಒಂದು ತಲೆಮಾರು ಅಷ್ಟು ದಿನ ಉಳಿಯುವ ಖಾತ್ರಿ ಇಲ್ಲ. ಅಮೆರಿಕದ ಮೊಬೈಲ್ ಕಂಪನಿ ಎಟಿ ಅಂಡ್ ಟಿ 2022ರ ಫೆಬ್ರುವರಿಯಲ್ಲಿ 3ಜಿ ನಿಲ್ಲಿಸಿದಾಗ, ಅದನ್ನೇ ನೆಚ್ಚಿದ್ದ ಹಲವು ಕಂಪನಿಗಳ ಕಾರುಗಳು ಮೂಕವಾದವು. ಕೆಲವರಿಗೆ ಹೊಸ ಮೋಡೆಮ್ ಸಿಕ್ಕಿತು, ಉಳಿದವರಿಗೆ ಸಿಗಲಿಲ್ಲ. ಬ್ರಿಟನ್ನಿನಲ್ಲಿ ನಿಸಾನ್ ಕೊಟ್ಟ ಕಾರಣ 2ಜಿ. 2016ರವರೆಗೆ ತಯಾರಾದ ಲೀಫ್ ಕಾರುಗಳಿಗೆ 2024ರ ಏಪ್ರಿಲ್‌ನಿಂದ ಆ್ಯಪ್ ಇಲ್ಲವಾಯಿತು. ಕಾರು ಓಡುತ್ತದೆ, ಚಾರ್ಜಿಂಗ್ ಸಮಯವನ್ನು ಕಾರಿನ ಒಳಗೇ ಕೂತು ನಿಗದಿ ಮಾಡಬಹುದು. ಹೋದದ್ದು ಮನೆಯೊಳಗಿನಿಂದ ಮಾಡುವ ಅನುಕೂಲ. ಅದಕ್ಕಾಗಿಯೂ ಗ್ರಾಹಕರು ಹಣ ಕೊಟ್ಟಿದ್ದರು.

ಕಂಪನಿಯೇ ಮುಳುಗಿದರೆ? ವಿದ್ಯುತ್ ಕಾರು ತಯಾರಿಸುತ್ತಿದ್ದ ಫಿಸ್ಕರ್ 2024ರ ಜೂನ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಉಳಿದಿದ್ದ ಮೂರು ಸಾವಿರಕ್ಕೂ ಹೆಚ್ಚು ಕಾರುಗಳನ್ನು ಕೊಳ್ಳಲು ನ್ಯೂಯಾರ್ಕಿನ ವಾಹನ ಬಾಡಿಗೆ ಕಂಪನಿಯೊಂದು ಮುಂದಾಯಿತು. ಆಮೇಲೆ ಗೊತ್ತಾದದ್ದೇನೆಂದರೆ, ಆ ಕಾರುಗಳನ್ನು ಫಿಸ್ಕರ್ ಸರ್ವರಿನಿಂದ ಬಿಡಿಸಿ ಬೇರೆ ಸರ್ವರಿಗೆ ಜೋಡಿಸುವುದು ಸುಲಭವಲ್ಲ. ಕಾರು ಕೈಯಲ್ಲಿದೆ, ಅದು ಕೇಳುವುದು ಮಾತ್ರ ಮುಚ್ಚಿಹೋಗುತ್ತಿರುವ ಕಂಪನಿಯ ಮಾತನ್ನು.

ವಾದ, ಪ್ರತಿವಾದ

ಈ ತಂತ್ರಜ್ಞಾನದಿಂದ ಉಪಯೋಗವೇ ಇಲ್ಲ ಎನ್ನುವುದು ತಪ್ಪಾಗುತ್ತದೆ. ಅಪಘಾತವಾದ ಕೂಡಲೇ ತಾನಾಗಿ ಕರೆ ಮಾಡುವ ವ್ಯವಸ್ಥೆಯನ್ನು ಯುರೋಪಿಯನ್ ಒಕ್ಕೂಟ 2018ರ ಮಾರ್ಚ್‌ 31ರಿಂದ ಹೊಸ ಮಾದರಿಯ ಕಾರುಗಳಿಗೆ ಕಡ್ಡಾಯ ಮಾಡಿದೆ. ಜನವಿರಳ ಘಾಟಿ ರಸ್ತೆಯಲ್ಲಿ ಪ್ರಜ್ಞೆ ತಪ್ಪಿದವರ ಪಾಲಿಗೆ ಅಂಥ ಕರೆ ಪ್ರಾಣ ಉಳಿಸಬಲ್ಲದು. ಆ ವ್ಯವಸ್ಥೆ ಅಪಘಾತ ಆಗುವವರೆಗೆ ಸುಮ್ಮನಿರುತ್ತದೆ, ದಿನವಿಡೀ ಜಾಗ ವರದಿ ಮಾಡುವುದಿಲ್ಲ ಎಂಬುದನ್ನೂ ಗಮನಿಸಬೇಕು. ಕಳುವಾದ ಕಾರು ಪತ್ತೆ ಮಾಡುವುದು, ಸಾಫ್ಟ್‌ವೇರ್ ದೋಷವನ್ನು ಗ್ಯಾರೇಜಿಗೆ ಬಾರದೆ ಸರಿಪಡಿಸುವುದು ಕೂಡ ಕಂಪನಿಗಳು ಮುಂದಿಡುವ ಗಟ್ಟಿ ವಾದಗಳೇ.

ಎದುರು ಬದಿಯಲ್ಲಿ ಸ್ವತಂತ್ರ ಗ್ಯಾರೇಜುಗಳಿವೆ. ದೋಷದ ಮಾಹಿತಿ ನೇರ ಕಂಪನಿಗೆ ಹೋದರೆ ಊರಿನ ಮೆಕ್ಯಾನಿಕ್ ರಿಪೇರಿ ಮಾಡುವುದು ಹೇಗೆ ಎಂಬುದು ಅವರ ಪ್ರಶ್ನೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2020ರಲ್ಲಿ ಇದು ಜನಮತಕ್ಕೆ ಬಂದು, ಮುಕ್ಕಾಲು ಪಾಲು ಮತದಾರರು ಆ ಮಾಹಿತಿ ಮಾಲೀಕರಿಗೂ ಅವರು ಆರಿಸಿದ ಗ್ಯಾರೇಜಿಗೂ ಸಿಗಬೇಕೆಂದರು. ಆ ಕಾನೂನಿಗೆ ಹೊಂದಿಕೊಳ್ಳುವ ಬದಲು ಸುಬಾರು ಮತ್ತು ಕಿಯಾ ಆ ರಾಜ್ಯದ ಹೊಸ ಕಾರುಗಳಲ್ಲಿ ಸಂಪರ್ಕ ವ್ಯವಸ್ಥೆಯನ್ನೇ ನಿಲ್ಲಿಸಿಬಿಟ್ಟವು. ಯುರೋಪಿನಲ್ಲಿ 2025ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ದತ್ತಾಂಶ ಕಾಯ್ದೆ, ಸಂಪರ್ಕಿತ ವಸ್ತುಗಳು ಉತ್ಪಾದಿಸುವ ಮಾಹಿತಿಯನ್ನು ಪಡೆಯುವ ಹಕ್ಕನ್ನು ಬಳಕೆದಾರರಿಗೆ ಕೊಟ್ಟಿದೆ.

ಭಾರತದಲ್ಲಿ ಮುಂದೇನು

ನಮ್ಮಲ್ಲಿ ಈಗ ಆಧಾರವಾಗಿರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ವೇಳೆಗೆ ಜಾರಿಯಾಗುತ್ತವೆ. ಯಾವ ಉದ್ದೇಶಕ್ಕೆ ಯಾವ ಮಾಹಿತಿ ಎಂಬುದನ್ನು ಸರಳ ಮಾತಿನಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂದೆಗೆದುಕೊಳ್ಳಲೂ ಆಗಬೇಕು. ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು.

ಈ ಕಾಯ್ದೆ ವೈಯಕ್ತಿಕ ಮಾಹಿತಿಯನ್ನು ಕುರಿತದ್ದು. ಆ್ಯಪ್ ಸೇವೆ ಎಷ್ಟು ವರ್ಷ ನಡೆಯಬೇಕು, ಜಾಲ ಬದಲಾದರೆ ಮೋಡೆಮ್ ಖರ್ಚು ಯಾರದು, ಹಳೆಯ ಖಾತೆಯನ್ನು ತೆಗೆದುಹಾಕುವ ಹೊಣೆ ಯಾರದು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. 2019ರಲ್ಲಿ ಬಂದ ಮೊದಲ ತಲೆಮಾರಿನ ಕಾರುಗಳು ಈಗ ಎರಡನೇ ಮಾಲೀಕರ ಕೈಗೆ ಹೋಗುವ ವಯಸ್ಸಿನಲ್ಲಿರುವುದರಿಂದ ಇವು ತುರ್ತಿನ ಪ್ರಶ್ನೆಗಳೇ.

ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಒಂದು ಅಂಶ ಆ ಕಾಯ್ದೆಯಲ್ಲಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಗ್ರಾಹಕರಿಗೆ ಕೊಡಲೇಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಷೋರೂಮಿನಲ್ಲಿ ಹೊಸ ಕಾರಿನ ಪಕ್ಕ ನಿಂತು, ಮಾರಾಟಗಾರ ತೋರಿಸಿದ ಕಡೆಯಲ್ಲೆಲ್ಲ ‘ಒಪ್ಪುತ್ತೇನೆ’ ಎಂದು ಬೆರಳೊತ್ತುತ್ತಾ ಹೋಗುವ ಆ ಎರಡು ನಿಮಿಷದಲ್ಲಿ, ಯಾವುದಕ್ಕೆ ಒಪ್ಪುತ್ತಿದ್ದೇವೆ ಎಂಬುದನ್ನು ಕನ್ನಡದಲ್ಲಿ ತೋರಿಸಿ ಎಂದು ಕೇಳುವ ಹಕ್ಕು ಆಗ ನಮ್ಮದಾಗಿರುತ್ತದೆ.